ಬಿಡಾರದ ಋಣ

ದಾಸೋಹವನ್ನು ಕುರಿತ ಪ್ರವಚನಗಳಲ್ಲಿಯೂ ಲೇಖನಗಳಲ್ಲಿಯೂ ನೀಡುವವನ ಧರ್ಮವೇ ಬಹುಮಟ್ಟಿಗೆ ವಿವೇಚಿತವಾಗುತ್ತದೆ. ಮನೆಗೆ ಬಂದವರನ್ನು ಯಾವ ಭಾವದಿಂದ ಎದುರುಗೊಳ್ಳಬೇಕು, ನೀಡುವ ಕೈಗೆ ಅಂಟುವ ಅಹಂಕಾರವನ್ನು ಹೇಗೆ ನೀಗಬೇಕು ಎಂಬುದನ್ನು ಭಕ್ತರು ಬಾಲ್ಯದಿಂದಲೂ ಕೇಳಿ ಬಲ್ಲರು. ಆದರೆ ನೀಡುವವನಿದ್ದಲ್ಲಿ ಪಡೆಯುವವನೂ ಇರಲೇಬೇಕಷ್ಟೆ. ಅವನ ಧರ್ಮವೇನು? ತನ್ನ ಮನೆಯಲ್ಲಿ ಆತಿಥೇಯನಾಗಿ ವಿನಯದಿಂದ ಬಾಗುವ ಗೃಹಸ್ಥನು, ಪರಸ್ಥಳದಲ್ಲಿ ತಾನೇ ಅತಿಥಿಯಾದಾಗ ಆ ವಿನಯವನ್ನು ಉಳಿಸಿಕೊಳ್ಳುವನೇ? ಈ ವಿಚಾರವು ಅಷ್ಟಾಗಿ ನಡೆದಿಲ್ಲ. ನಡೆಯಬೇಕಾದ ಅಗತ್ಯವಾದರೋ ಇಂದು ಹೆಚ್ಚಾಗಿದೆ.

ಅದಕ್ಕೆ ಕಾರಣವಾದ ಸಂದರ್ಭವು ಎಲ್ಲರ ಕಣ್ಣೆದುರಿಗೇ ಇದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳ ಕುಟುಂಬಗಳಲ್ಲಿ, ವಾರದ ಕೊನೆಗೆ ನಗರವನ್ನು ಬಿಟ್ಟು ಹೋಗಿ ಬಯಲಿನಲ್ಲಿ ಡೇರೆ ಹಾಕಿ ಒಂದು ರಾತ್ರಿ ಕಳೆದು ಬರುವ ಅಭ್ಯಾಸವು ಬೆಳೆದಿದೆ. ಶನಿವಾರ ಬೆಳಗ್ಗೆ ಗಾಂಧಿಬಜಾರಿನಲ್ಲಿ ಹಣ್ಣು ತರಕಾರಿಗಳನ್ನು ಕೊಂಡು, ಡೇರೆ, ಚಾಪೆ, ಒಲೆಗಳನ್ನು ಕಾರಿನಲ್ಲಿ ತುಂಬಿ ಹೊರಟವರು, ಮಧ್ಯಾಹ್ನದ ವೇಳೆಗೆ ಸಾವನದುರ್ಗದ ಆಸುಪಾಸಿನ ತೋಟದಲ್ಲಿಯೋ, ಮಂಚನಬೆಲೆ ಜಲಾಶಯದ ಹಿನ್ನೀರಿನ ಬಳಿಯ ಹೊಲದಲ್ಲಿಯೋ, ಕನಕಪುರದ ಕಡೆಯ ಮಾವಿನ ತೋಪಿನಲ್ಲಿಯೋ ಬಿಡಾರ ಹೂಡಿರುತ್ತಾರೆ. ಅನೇಕ ರೈತರು ತಮ್ಮ ಹೊಲದ ಒಂದು ಮೂಲೆಯನ್ನು ಡೇರೆಗಳಿಗಾಗಿಯೇ ಬಾಡಿಗೆಗೆ ಕೊಡುತ್ತಿದ್ದಾರೆ. ಕಾವೇರಿಯ ದಡದ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವೇ ಉಂಟು.

ಬಯಲಿನ ವಾಸವು ಈ ಬಡಾವಣೆಗಳಿಗೆ ಹೊಸದಲ್ಲ. ಅದರ ಅರ್ಥ ಮಾತ್ರ ಹೊಸದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡು ದಿನ ದೂಡಿದರು. ಇಕ್ಕಟ್ಟಿನ ಪೇಟೆಯಿಂದ ಹೊರಗೆ ಗಾಳಿ ಬೆಳಕುಳ್ಳ ಬಡಾವಣೆಗಳು ಬೇಕೆಂಬ ಅರಿವು ಬಲವಾದುದು ಆ ಸಂಕಟದಿಂದಲೇ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಹಿನ್ನೆಲೆಯಲ್ಲಿ. ಅಂದು ಪ್ರಾಣಭಯದಿಂದ ಬಯಲಿಗೆ ಬಿದ್ದವರ ಮರಿಮಕ್ಕಳು ಇಂದು ವಿನೋದಕ್ಕಾಗಿ ಬಯಲನ್ನು ಅರಸಿ ಹೋಗುತ್ತಾರೆ. ಇದು ಕಾಲದ ಕೃಪೆ. ಆದರೆ ಕಷ್ಟಕ್ಕಾಗಿ ಬಂದವನಿಗೆ ಇರುವ ವಿನಾಯಿತಿಯು ವಿನೋದಕ್ಕಾಗಿ ಬಂದವನಿಗೆ ಇಲ್ಲವೆಂಬುದನ್ನು ಮರೆಯಬಾರದು.

ವಿನೋದಕ್ಕಾಗಿ ಡೇರೆ ಹಾಕುವ ಪದ್ಧತಿಗೆ ಒಂದು ಕ್ರಮವನ್ನು ತಂದವರು ಬ್ರಿಟನ್ನಿನ ಜನ. ವೃತ್ತಿಯಿಂದ ದರ್ಜಿಯಾಗಿದ್ದ ಥಾಮಸ್ ಹೈರಮ್ ಹೋಲ್ಡಿಂಗ್ ಎಂಬಾತನು ಸೈಕಲ್ಲಿನ ಮೇಲೆ ಒಯ್ಯಬಲ್ಲ ಹಗುರವಾದ ಡೇರೆಯನ್ನು ರೂಪಿಸಿದನು. ಅವನ ಯತ್ನದಿಂದ 1901ರಲ್ಲಿ ಅಂತಹ ಸಂಚಾರಿಗಳ ಸಂಘವು ಹುಟ್ಟಿತು. 1908ರಲ್ಲಿ ಅವನು ಶಿಬಿರವಾಸಿಗಳಿಗೆಂದೇ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಅದರ ಹಿಂದಿನ ವರ್ಷ, 1907ರಲ್ಲಿ, ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಒಂದೇ ಶಿಬಿರದಲ್ಲಿ ಕೂಡಿಸಿದ್ದನು. ಅಲ್ಲಿಂದ ಹುಟ್ಟಿದ ಬಾಲಚರ ಚಳವಳಿಯು ಭಾರತಕ್ಕೆ ಕಾಲಿಟ್ಟುದು 1909ರಲ್ಲಿ, ಬೆಂಗಳೂರಿನಲ್ಲಿಯೇ. ಮೊದಲು ಅದು ಆಂಗ್ಲರ ಮಕ್ಕಳಿಗೆ ಮೀಸಲಾಗಿದ್ದು, ಕ್ರಮೇಣ ನಾಡಿನ ಮಕ್ಕಳಿಗೂ ತೆರೆಯಿತು. ಕನ್ನಡ ನಾಡಿನಲ್ಲಿ ಅದಕ್ಕಾಗಿ ಶ್ರಮಿಸಿದ ಕೊಂಡಜ್ಜಿ ಬಸಪ್ಪನವರ ಹೆಸರನ್ನು ಬೆಂಗಳೂರಿನ ಅರಮನೆ ರಸ್ತೆಯ ಸಭಾಂಗಣವು ಇಂದಿಗೂ ಹೊತ್ತಿದೆ.

ಬಾಲಚರರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು ಇಲ್ಲಿ ಸ್ಮರಣೀಯ. ಬಿಡಾರವನ್ನು ಎತ್ತುವಾಗ ನೆಲದ ಒಡೆಯನಿಗೆ ಕೃತಜ್ಞತೆಯನ್ನು ತಿಳಿಸಬೇಕು. ಅದರ ಹೊರತು ಬೇರೆ ಯಾವುದನ್ನೂ ಅಲ್ಲಿ ಉಳಿಸಿ ಬರಬಾರದು. ಶಿಸ್ತಿನ ಮಾತಿನಂತೆ ಕಾಣುವ ಈ ನಿಯಮದೊಳಗೆ ಅತಿಥಿಯ ಧರ್ಮವೆಲ್ಲವೂ ಅಡಗಿದೆ. ಆದರೆ ಶಿಸ್ತಾಗಿ ಕಲಿತದ್ದು ಯಾರೂ ನೋಡದ ಕಡೆ ಸಡಿಲವಾಗುತ್ತದೆ. ಧರ್ಮವಾಗಿ ಕಲಿತದ್ದು ಸಡಿಲವಾಗದು. ಆದುದರಿಂದ ಇದರ ಬೇರನ್ನು ಶರಣರ ವಿಚಾರದಲ್ಲಿ ಹುಡುಕುವುದು ಯುಕ್ತ.

ಇದಕ್ಕೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗೃಹಸ್ಥನು ಹೆಂಡತಿ ಮಕ್ಕಳೊಡನೆ ಒಂದು ರಾತ್ರಿ ಬಯಲಿನಲ್ಲಿ ತಂಗಿ ಬರುವುದರಲ್ಲಿ ದೋಷವೇನೂ ಇಲ್ಲ. ಆರು ದಿನ ದುಡಿದವನಿಗೆ ವಿಶ್ರಾಂತಿ ಬೇಕು. ನಕ್ಷತ್ರಗಳನ್ನೇ ಕಾಣದೆ ಬೆಳೆದ ನಗರದ ಕೂಸು ಒಮ್ಮೆ ಆಕಾಶವನ್ನು ನೋಡಬೇಕು. ಅಷ್ಟೇ ಅಲ್ಲ, ಡೇರೆಯು ಒಂದು ಒಳ್ಳೆಯ ಗುರು. ಮೂರು ಅಂತಸ್ತಿನ ಮನೆಯಿಲ್ಲದೆಯೂ ನಿದ್ರೆ ಬರುವುದು, ಎರಡು ಪಾತ್ರೆಗಳಲ್ಲಿಯೂ ಅಡಿಗೆಯಾಗುವುದು, ಒಂದು ಕೊಡ ನೀರಿನಿಂದಲೂ ದಿನ ಸಾಗುವುದು ಎಂಬುದನ್ನು ಅದು ಒಂದೇ ರಾತ್ರಿಯಲ್ಲಿ ಕಲಿಸುತ್ತದೆ. ಸ್ಥಾವರಕ್ಕೆ ಅಂಟಿಕೊಂಡ ಮನಸ್ಸಿಗೆ ಇದು ಜಂಗಮದ ಸಣ್ಣದೊಂದು ರುಚಿ. ಆದರೆ ಮನೆಯ ಒಡೆತನವನ್ನು ಬಿಟ್ಟು ಬಂದವನು ಬಯಲಿನಲ್ಲಿ ಮತ್ತೊಂದು ಒಡೆತನವನ್ನು ಹೂಡಿದರೆ ಗುರು ಹೇಳಿದ ಪಾಠವು ವ್ಯರ್ಥವಾಗುತ್ತದೆ.

ಹಾಗೆ ವ್ಯರ್ಥವಾದುದರ ಗುರುತು ಭಾನುವಾರ ಸಂಜೆ ಆ ನೆಲದ ಮೇಲೆ ಕಾಣುತ್ತದೆ. ಕಾರುಗಳು ಹೊರಟುಹೋದ ಮೇಲೆ ಉಳಿಯುವುವು ಕರಿಹಿಡಿದ ಮೂರು ಕಲ್ಲು, ಅರೆಬೆಂದ ಸೌದೆ, ಪ್ಲಾಸ್ಟಿಕ್ಕಿನ ತಟ್ಟೆಗಳು, ನೀರಿನ ಬಾಟಲಿಗಳು, ಒಮ್ಮೊಮ್ಮೆ ಒಡೆದ ಗಾಜು. ಅಂತಹ ತಟ್ಟೆ ಚೀಲಗಳನ್ನು ರಾಜ್ಯದ ಕಾಯಿದೆಯು 2016ರಲ್ಲಿಯೇ ನಿಷೇಧಿಸಿದೆ. ಆದರೆ ಹೊಲದಲ್ಲಿ ಕಾಯಿದೆಗೆ ಕಾವಲುಗಾರನಿಲ್ಲ. ಗಾಜಿನ ಚೂರು ಮರುದಿನ ಕುರಿ ಕಾಯುವ ಹುಡುಗನ ಕಾಲನ್ನು ಕಾದಿರುತ್ತದೆ. ಅನ್ನ ಅಂಟಿದ ಚೀಲವನ್ನು ಹಸು ಅನ್ನವೆಂದೇ ನುಂಗುತ್ತದೆ. ಅದು ಅದರ ಹೊಟ್ಟೆಯಲ್ಲಿ ಕರಗದೆ ನಿಲ್ಲುತ್ತದೆ. ಬೇಸಗೆಯಲ್ಲಿ ಆರದ ಕೆಂಡವು ಒಣಹುಲ್ಲಿಗೆ ತಾಗಿದರೆ ಗುಡ್ಡವೇ ಉರಿಯಬಹುದು. ಇವೆಲ್ಲವೂ ಬಲ್ಲವರ ಕೃತ್ಯಗಳೆಂಬುದು ವಿಷಾದದ ಸಂಗತಿ. ತಮ್ಮ ಮನೆಯ ಅಂಗಳದಲ್ಲಿ ಒಂದು ಕಡ್ಡಿಯನ್ನೂ ಸಹಿಸದವರೇ ಪರರ ಅಂಗಳವನ್ನು ಈ ಸ್ಥಿತಿಯಲ್ಲಿ ಬಿಟ್ಟು ಬರುತ್ತಾರೆ.

ಅವರನ್ನು ಪ್ರಶ್ನಿಸಿದರೆ ಮೂರು ಬಗೆಯ ಸಮಾಧಾನಗಳು ದೊರೆಯುತ್ತವೆ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

‘ಬಾಡಿಗೆ ಕೊಟ್ಟಿದ್ದೇವೆ, ಋಣ ತೀರಿತು’ ಎಂಬುದು ಮೊದಲನೆಯದು. ಬೆಲೆಯು ಬೇರೆ, ಋಣವು ಬೇರೆ. ರೈತನು ಹಣ ಪಡೆದು ಕೊಟ್ಟುದು ಡೇರೆ ಹಾಕುವ ನಾಲ್ಕು ಗಜ ನೆಲವನ್ನು. ಅತಿಥಿಯು ಅನುಭವಿಸಿದುದಾದರೋ ಅದಕ್ಕಿಂತ ಬಹಳ ಹೆಚ್ಚು: ಊರಿನ ಕೆರೆಯ ತಂಪು, ಹತ್ತು ತಲೆಮಾರಿನವರು ನೆಟ್ಟು ಉಳಿಸಿದ ಮರಗಳ ನೆರಳು, ಇರುಳಿನ ಮೌನ, ಹಕ್ಕಿಗಳ ಬೆಳಗು. ಇವುಗಳಿಗೆ ರಸೀದಿಯಿಲ್ಲ. ಬೆಲೆಯಿಲ್ಲದುದನ್ನು ಪಡೆದವನು ಹಣದಿಂದ ಋಣಮುಕ್ತನಾಗಲಾರನು. ನಡತೆಯಿಂದ ಮಾತ್ರ ಆಗಬಲ್ಲನು. ಮೇಲಾಗಿ ಹಣದ ಆವಶ್ಯಕತೆಯಿರುವ ರೈತನು ಬಂದವರ ಮುಂದೆ ಅಸಮಾಧಾನವನ್ನು ಬಾಯಿ ಬಿಟ್ಟು ಆಡನು. ಮುಂದಿನ ಶನಿವಾರವೂ ಅವರು ಬರಬೇಕೆಂಬ ಚಿಂತೆ ಅವನಿಗೆ. ಆತಿಥೇಯನ ಬಾಯಿಯನ್ನು ಬಡತನವು ಕಟ್ಟಿರುವಾಗ ಅತಿಥಿಯು ಅವನ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ. ಅಂತಹ ಕಡೆ ಅತಿಥಿಗೆ ಅವನ ಅಂತಃಸಾಕ್ಷಿಯೇ ನ್ಯಾಯಾಧೀಶನಾಗಬೇಕು.

‘ಗುಡಿಸುವವರು ಇದ್ದಾರೆ, ಅದು ಅವರ ಕೆಲಸ’ ಎಂಬುದು ಎರಡನೆಯದು. ಮೂರರಲ್ಲಿ ಅತ್ಯಂತ ಘೋರವಾದುದು ಇದೇ. ಕಲ್ಯಾಣದ ಶರಣರ ಕಾಲದಲ್ಲಿ ಸತ್ಯಕ್ಕನೆಂಬ ಶರಣೆಯು ಶಿವಭಕ್ತರ ಅಂಗಳವನ್ನು ಗುಡಿಸುವುದನ್ನೇ ತನ್ನ ಕಾಯಕವಾಗಿ ಕೈಗೊಂಡಿದ್ದಳು. ಆ ಪೊರಕೆಯು ಅನುಭಾವದ ಸಾಧನವಾಯಿತೆಂದು ಭಕ್ತರು ಗೌರವದಿಂದ ಸ್ಮರಿಸುತ್ತಾರೆ. ಆದರೆ ಸತ್ಯಕ್ಕನನ್ನು ಗೌರವಿಸುವುದೆಂದರೆ ಅವಳಿಗಾಗಿ ಕಸವನ್ನು ಚೆಲ್ಲುವುದಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಶರಣರು ಸಾರಿದುದು ಗುಡಿಸುವವರನ್ನು ಗುಡಿಸುತ್ತಲೇ ಇರಿಸುವುದಕ್ಕಲ್ಲ. ಯಾವ ಕೈಯೂ ಪೊರಕೆ ಹಿಡಿಯಲು ನಾಚಬಾರದೆಂಬುದಕ್ಕೆ. ತಾನು ಉಂಡ ಎಲೆಯನ್ನು ಪರರು ಎತ್ತಲೆಂದು ಬಿಟ್ಟು ಏಳುವವನು, ಅದನ್ನು ಎತ್ತಲು ಹುಟ್ಟಿದವರು ಕೆಲವರಿದ್ದಾರೆಂದು ಮನಸ್ಸಿನಲ್ಲಿ ಒಪ್ಪಿದಂತಾಯಿತು. ಯಾವ ಭೇದವನ್ನು ಅಳಿಸಲು ಶರಣರು ಪ್ರಾಣಗಳನ್ನೇ ಪಣವಾಗಿಟ್ಟರೋ ಅದೇ ಭೇದವನ್ನು ಇವನು ಹೊಲದ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆಯಿಂದ ಮತ್ತೆ ಸ್ಥಾಪಿಸಿ ಬಂದನು. ಕೊರಳಿನಲ್ಲಿ ಇಷ್ಟಲಿಂಗವಿದ್ದವನಿಗೆ ಇದು ಸಲ್ಲುವುದೇ?

ಮೂರನೆಯ ಸಮಾಧಾನವು ಭಕ್ತರದೇ. ‘ನಾವು ವಿನೋದಕ್ಕೆ ಹೋದವರಲ್ಲ, ದೇವರ ಕಾರ್ಯಕ್ಕೆ ಹೋದವರು’ ಎಂಬುದು ಅದರ ರೂಪ. ಮಹಾಶಿವರಾತ್ರಿಯ ಸಮಯದಲ್ಲಿ ಬೆಂಗಳೂರು, ರಾಮನಗರ, ಕನಕಪುರಗಳ ಕಡೆಯಿಂದ ಸಾವಿರಾರು ಜನರು ನಡೆದು, ಸಂಗಮದ ಬಳಿ ಕಾವೇರಿಯನ್ನು ದಾಟಿ, ಕಾಡಿನೊಳಗಿನ ದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುತ್ತಾರೆ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಭಕ್ತರು ನಲ್ಲಮಲ ಅರಣ್ಯವನ್ನು ಹಾಯ್ದು ಶ್ರೀಶೈಲಕ್ಕೆ ನಡೆಯುತ್ತಾರೆ. ಮರದ ಬುಡವೇ ಅವರ ಬಿಡಾರ. ದಾರಿಯ ಊರುಗಳವರು ನೀಡುವ ಅನ್ನ ಮಜ್ಜಿಗೆಗಳೇ ಅವರ ಬುತ್ತಿ. ಇದಕ್ಕಿಂತ ಸುಂದರವಾದ ದಾಸೋಹವು ದುರ್ಲಭ. ಆದರೆ ಯಾತ್ರೆ ಮುಗಿದ ಮೇಲೆ ಆ ಕಾಡುದಾರಿಯ ಇಕ್ಕೆಲಗಳಲ್ಲಿಯೂ ಬಾಟಲಿ, ಚೀಲ, ಲೋಟಗಳು ಹರಡಿರುತ್ತವೆಂಬುದನ್ನು ಭಕ್ತರು ಒಪ್ಪಿಕೊಳ್ಳಬೇಕು. ಆನೆಯು ಓಡಾಡುವ ದಾರಿ ಅದು. ಆ ಪ್ಲಾಸ್ಟಿಕ್ಕನ್ನು ಹಾಕಿದವನ ಹಣೆಯಲ್ಲಿ ವಿಭೂತಿಯಿತ್ತೋ ಇಲ್ಲವೋ ಎಂಬುದನ್ನು ಆನೆಯು ಬಲ್ಲುದೇ? ಉದ್ದೇಶದ ಪಾವಿತ್ರ್ಯವು ನಡತೆಯ ದೋಷವನ್ನು ತೊಳೆಯದು. ಬದಲಾಗಿ ಅದನ್ನು ಎತ್ತಿ ತೋರಿಸುತ್ತದೆ. ಜಂಗಮನಿಗೆ ಎಲ್ಲಿಯೂ ತಡೆಯಿಲ್ಲವೆಂಬ ಮಾತನ್ನು ಕೆಲವರು ಇಲ್ಲಿ ಮುಂದಿಡಬಹುದು. ಜಂಗಮನಿಗೆ ತಡೆಯಿಲ್ಲದಿರುವುದು ಅವನು ಯಾವುದನ್ನೂ ತನ್ನದೆನ್ನದೆ ಅರಿವನ್ನು ಬಿತ್ತಿ ಮುಂದೆ ಸಾಗುವುದರಿಂದ. ಕಸವನ್ನು ಬಿತ್ತಿ ಸಾಗುವವನಿಗೆ ಆ ಹೆಸರು ಒಪ್ಪುವುದಿಲ್ಲ.

ಹಾಗಾದರೆ ಅತಿಥಿಯ ಧರ್ಮದ ಮೂಲವೆಲ್ಲಿ? ವೀರಶೈವ ಸಿದ್ಧಾಂತದ ಪದಾರ್ಥ ಪ್ರಸಾದಗಳ ವಿವೇಕದಲ್ಲಿ ಅದು ದೊರೆಯುತ್ತದೆ. ಭೋಗಿಸುವ ವಸ್ತುವು ತಾನಾಗಿ ಕೇವಲ ಪದಾರ್ಥ. ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದಾಗ ಅದೇ ಪ್ರಸಾದ. ಪದಾರ್ಥವೆಂದು ತಿಂದವನು ಬೇಕಾದಷ್ಟು ತಿಂದು ಬೇಡವಾದುದನ್ನು ಚೆಲ್ಲುತ್ತಾನೆ. ಪ್ರಸಾದವೆಂದು ಸ್ವೀಕರಿಸಿದವನು ಒಂದು ಅಗುಳನ್ನೂ ಉಳಿಸನು. ಮಠಗಳ ಪಂಕ್ತಿಯಲ್ಲಿ ಇಂದಿಗೂ ಹಿರಿಯರು ಉಂಡ ತಟ್ಟೆಯನ್ನು ಅಲ್ಲಿಯೇ ತೊಳೆದು ಆ ನೀರನ್ನೂ ಕುಡಿಯುವುದನ್ನು ಎಲ್ಲರೂ ನೋಡಿರುವರು. ಹೊರಗಿನವರಿಗೆ ಅದು ವಿಚಿತ್ರವಾಗಿ ಕಾಣಬಹುದು. ಆದರೆ ಅದರ ಅರ್ಥವು ಗಂಭೀರ: ಬಂದುದೆಲ್ಲವೂ ಕೃಪೆಯಿಂದ ಬಂದುದಾದ್ದರಿಂದ ಚೆಲ್ಲಲು ತನಗೆ ಹಕ್ಕಿಲ್ಲ, ತನ್ನ ಊಟದ ಗುರುತನ್ನು ಪರರ ಕೈಗೆ ಬಿಡಲೂ ಹಕ್ಕಿಲ್ಲ. ಆ ತಟ್ಟೆಯನ್ನು ಸ್ವಲ್ಪ ಹಿಗ್ಗಿಸಿದರೆ ಸಾಕು. ಸಾವನದುರ್ಗದ ತಪ್ಪಲಿನ ಹೊಲವೂ ಒಂದು ತಟ್ಟೆಯೇ. ರಾತ್ರಿಯ ನೆಲವನ್ನು ಪ್ರಸಾದವೆಂದು ಸ್ವೀಕರಿಸಿದವನು ಬೆಳಗ್ಗೆ ಅದನ್ನು ತೊಳೆದ ತಟ್ಟೆಯಂತೆ ಬಿಟ್ಟು ಏಳುವನು. ಬಾಲಚರರ ನಿಯಮದಲ್ಲಿ ಶಿಸ್ತಾಗಿರುವುದು ಇಲ್ಲಿ ಭಕ್ತಿಯಾಗುತ್ತದೆ.

ಉಳಿಸದಿರುವುದು ಒಂದು ಧರ್ಮವಾದರೆ, ಅಳತೆ ಮೀರಿ ತೆಗೆದುಕೊಳ್ಳದಿರುವುದು ಇನ್ನೊಂದು. ಆಯ್ದಕ್ಕಿ ಮಾರಯ್ಯನ ಕಥೆ ಪ್ರಸಿದ್ಧವಾದುದು. ಒಂದು ದಿನ ಮಾರಯ್ಯನು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದ ಕಡೆಗೇ ಹಿಂದಿರುಗಿಸುವಂತೆ ಮಾಡಿದಳು. ಆ ಅಕ್ಕಿ ಕದ್ದುದಲ್ಲ, ಯಾರೂ ಕೇಳುವವರಿರಲಿಲ್ಲ. ಆದರೂ ಅಳತೆ ಮೀರಿತ್ತು, ಅಷ್ಟೆ. ಬಯಲಿನಲ್ಲಿಯೂ ಕೇಳುವವರಿಲ್ಲ. ಅಡಿಗೆಗೆ ಬೇಕಾದ ನಾಲ್ಕು ಕಟ್ಟಿಗೆಯ ಬದಲು ಆಳೆತ್ತರದ ಬೆಂಕಿಗಾಗಿ ಒಂದು ಹೊರೆ ಸೌದೆಯನ್ನು ಸುಡುವಾಗ, ಊರಿನವರು ದೂರದಿಂದ ಹೊತ್ತು ತರುವ ನೀರಿನಲ್ಲಿ ಕಾರನ್ನು ತೊಳೆಯುವಾಗ, ನಡುರಾತ್ರಿಯವರೆಗೆ ಧ್ವನಿವರ್ಧಕದಿಂದ ಹಾಡು ಹಾಕಿ ದುಡಿದು ಮಲಗಿದವರ ನಿದ್ರೆಯನ್ನು ಕದಿಯುವಾಗ, ಲಕ್ಕಮ್ಮನ ಪ್ರಶ್ನೆಯನ್ನು ಗೃಹಸ್ಥನು ತನಗೆ ತಾನೇ ಕೇಳಿಕೊಳ್ಳಬೇಕು.

ಅತಿಥಿಯು ತನ್ನ ಧರ್ಮವನ್ನು ಮರೆತರೆ ಕಾಯಿದೆಯು ಬಾಗಿಲನ್ನು ಮುಚ್ಚುತ್ತದೆ. ಸ್ಕಾಟ್ಲೆಂಡಿನಲ್ಲಿ 2003ರ ಕಾಯಿದೆಯು ಜನರಿಗೆ ಬೆಟ್ಟ ಬಯಲುಗಳಲ್ಲಿ ಸಂಚರಿಸುವ, ಡೇರೆ ಹಾಕುವ ಹಕ್ಕನ್ನು ಉದಾರವಾಗಿ ಕೊಟ್ಟಿತು. ಹೊಣೆಯರಿತು ನಡೆಯಬೇಕೆಂಬುದೊಂದೇ ಅದರ ಷರತ್ತು. ಕೆಲವರು ಅದನ್ನು ಮುರಿದುದರಿಂದ ಲಾಕ್ ಲೋಮಂಡ್ ಮೊದಲಾದ ಸರೋವರಗಳ ಕೆಲವು ದಡಗಳಲ್ಲಿ 2017ರಿಂದ ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಅನುಮತಿಪತ್ರವಿಲ್ಲದೆ ಡೇರೆ ಹಾಕುವಂತಿಲ್ಲ. ಕರ್ನಾಟಕದಲ್ಲಿಯೂ ಇಂತಹುದೇ ನಡೆಯಿತು. 2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಯ ಸಮಯದಲ್ಲಿ, ಕುಮಾರಪರ್ವತಕ್ಕೆ ಸಾವಿರಾರು ಮಂದಿ ಏಕಕಾಲಕ್ಕೆ ನುಗ್ಗಿದರು. ಸರ್ಕಾರವು ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ತಡೆಹಿಡಿದು, ಬಳಿಕ ಸಂಖ್ಯೆಗೆ ಮಿತಿ ಹಾಕಿ ಅನುಮತಿ ಕೊಡುವ ಕ್ರಮವನ್ನು ತಂದಿತು. ಕಾಯಿದೆ ಅಗತ್ಯವೇ. ಆದರೆ ಕಾಯಿದೆಯು ಎಷ್ಟು ಜನ ಹೋಗಬೇಕೆಂಬುದನ್ನು ಹೇಳಬಲ್ಲುದು. ಹೋದವನು ಯಾವ ಮನಸ್ಸಿನಿಂದ ಇರಬೇಕೆಂಬುದನ್ನು ಹೇಳಲಾರದು. ತಪ್ಪಿತಸ್ಥನ ನಿಮಿತ್ತ ನಿರಪರಾಧಿಗೂ ಬಾಗಿಲು ಮುಚ್ಚುವುದು ಕಾಯಿದೆಯ ಅನಿವಾರ್ಯವಾದ ಮಿತಿ.

ಇನ್ನು ಕೊನೆಯ ವಿಚಾರವೊಂದಿದೆ. ಅದು ಎಲ್ಲಕ್ಕಿಂತ ಕಠಿಣವಾದುದು. ನೆಲವನ್ನು ಶುಚಿಯಾಗಿ ಬಿಟ್ಟು ಬಂದ ಮಾತ್ರಕ್ಕೆ ಋಣವು ಪೂರ್ಣವಾಗಿ ತೀರಿತೇ? ಹಾನಿ ಮಾಡದಿರುವುದು ಋಣವನ್ನು ಬೆಳೆಸದಿರುವುದಷ್ಟೆ, ತೀರಿಸುವುದಲ್ಲ. ಪಡೆದ ಆತಿಥ್ಯವನ್ನು ಆತಿಥ್ಯದಿಂದಲೇ ತೀರಿಸಬೇಕು. ಯಾರ ಹೊಲದಲ್ಲಿ ಬೆಂಗಳೂರಿನ ಗೃಹಸ್ಥನು ಸುಖವಾಗಿ ಮಲಗಿ ಬಂದನೋ ಆ ಹಳ್ಳಿಯವನೂ ಒಂದು ದಿನ ಬೆಂಗಳೂರಿಗೆ ಬರುತ್ತಾನೆ. ಅವನು ವಿನೋದಕ್ಕೆ ಬರುವವನಲ್ಲ. ರೋಗಿಯಾದ ತಾಯಿಯನ್ನು ಆಸ್ಪತ್ರೆಗೆ ಸೇರಿಸಲು ಬರುತ್ತಾನೆ. ಮಗನ ಕಾಲೇಜಿನ ಶುಲ್ಕ ಕಟ್ಟಲು ಬರುತ್ತಾನೆ. ಇರುಳಿನಲ್ಲಿ ತರಕಾರಿಯ ಲಾರಿ ಏರಿ ಮಾರುಕಟ್ಟೆಗೆ ಬರುತ್ತಾನೆ. ಆಸ್ಪತ್ರೆಯ ಹೊರಗಿನ ಕಲ್ಲುಹಾಸಿನ ಮೇಲೆ ಟವೆಲು ಹಾಸಿ ಮಲಗುವ ಅವನ ಬಿಡಾರವನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ. ಯಾರೂ ಅದರ ಚಿತ್ರ ತೆಗೆಯುವುದಿಲ್ಲ.

ಹಳೆಯ ಚಾಮರಾಜಪೇಟೆಯ, ಬಸವನಗುಡಿಯ ಮನೆಗಳಿಗೆ ಬೀದಿಗೆ ತೆರೆದ ಜಗಲಿಗಳಿದ್ದುವು. ದಾರಿಹೋಕನು ಅಲ್ಲಿ ಕುಳಿತು ನೀರು ಕೇಳಬಹುದಾಗಿತ್ತು. ಜಗಲಿಗಳಿದ್ದ ಕಡೆ ಈಗ ಎತ್ತರದ ಗೋಡೆಗಳೂ ಕಬ್ಬಿಣದ ಬಾಗಿಲುಗಳೂ ಎದ್ದಿವೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಯಾತ್ರಿಕರಿಗಾಗಿ ಧರ್ಮಛತ್ರವನ್ನು ಕಟ್ಟಿಸಿದ ಗುಬ್ಬಿ ತೋಟದಪ್ಪನವರು ವ್ಯಾಪಾರಿಗಳಾಗಿದ್ದರು, ಗೃಹಸ್ಥರಾಗಿದ್ದರು. ಊರಿಗೆ ಹೊಸಬನಾಗಿ ಬಂದವನಿಗೆ ರಾತ್ರಿ ತಲೆಯಿಡಲು ಒಂದು ಸ್ಥಳ ಬೇಕೆಂಬ ಸರಳವಾದ ಅರಿವು ಅವರಿಗಿತ್ತು. ಎಲ್ಲರೂ ಛತ್ರ ಕಟ್ಟಿಸಲಾರರು. ಆದರೆ ಪರಿಚಿತನಾದ ಆ ರೈತನಿಗೆ ‘ಊರಿಗೆ ಬಂದರೆ ಮನೆಗೆ ಬಾ’ ಎಂದು ಹೇಳಿ ಬರುವುದು ಎಲ್ಲರಿಗೂ ಸಾಧ್ಯ. ಅವನು ನಿಜವಾಗಿ ಬಂದಾಗ ಕೋಣೆಯೊಂದನ್ನು ತೆರೆದು, ಅನ್ನವಿಕ್ಕಿ, ಆಸ್ಪತ್ರೆಯ ದಾರಿಯನ್ನು ತೋರುವುದೂ ಸಾಧ್ಯ. ಹೇಳುವುದು ಸುಲಭ, ತೆರೆಯುವುದು ಕಷ್ಟ. ಕಷ್ಟವಾದುದರಿಂದಲೇ ಅದು ಋಣವನ್ನು ತೀರಿಸಬಲ್ಲುದು.

ಆದುದರಿಂದ ಬಯಲಿಗೆ ಹೊರಡುವ ಗೃಹಸ್ಥನು ಡೇರೆಯೊಡನೆ ಕೆಲವು ನಿಶ್ಚಯಗಳನ್ನೂ ಕಟ್ಟಿಕೊಂಡು ಹೊರಡಲಿ. ನೆಲದ ಒಡೆಯನನ್ನು ಕೇಳಿಯೇ ಗೂಟ ಹೊಡೆಯಲಿ. ಅಳತೆಯರಿತು ನೀರು ಸೌದೆಗಳನ್ನು ಬಳಸಲಿ. ಕೆಂಡಕ್ಕೆ ನೀರೆರೆದು, ಕೈಯಿಂದ ಮುಟ್ಟಿ ನೋಡಿ, ತಣ್ಣಗಾಯಿತೆಂದು ತಿಳಿದ ಮೇಲೆಯೇ ಹೊರಡಲಿ. ತಂದ ಚೀಲದಲ್ಲಿಯೇ ಕಸವನ್ನು ಹಿಂದಕ್ಕೆ ತರಲಿ. ಅದನ್ನು ಮಕ್ಕಳ ಕೈಯಿಂದಲೇ ತುಂಬಿಸಲಿ, ತಾನೂ ಬಾಗಿ ತುಂಬಲಿ. ತಂದೆಯು ಬಾಗಿದುದನ್ನು ಕಂಡ ಮಗುವಿಗೆ ಕಾಯಕದ ಮೇಲೆ ಬೇರೆ ಉಪನ್ಯಾಸವು ಬೇಕಾಗದು. ಹೊರಡುವಾಗ ಆ ಮನೆಯವರಿಗೆ ಶರಣೆಂದು ಕೈಮುಗಿಯಲಿ. ಮನೆಗೆ ಮರಳಿದ ಮೇಲೆ ತನ್ನ ಬಾಗಿಲಿನ ಅಗುಳಿಯು ಒಳಗಿನಿಂದ ಸುಲಭವಾಗಿ ಸರಿಯುವುದೋ ಇಲ್ಲವೋ ಎಂಬುದನ್ನು ಒಮ್ಮೆ ನೋಡಿಕೊಳ್ಳಲಿ.

ಈ ಭೂಮಿಯ ಮೇಲೆ ಪ್ರತಿಯೊಬ್ಬನ ವಾಸವೂ ಕೆಲಕಾಲದ ಬಿಡಾರವೇ. ಕಲ್ಲಿನ ಮನೆಯಲ್ಲಿರುವವನು ಅದನ್ನು ಮರೆಯುತ್ತಾನೆ. ಬಟ್ಟೆಯ ಡೇರೆಯಲ್ಲಿ ಒಂದು ರಾತ್ರಿ ಕಳೆದವನಿಗೆ ಅದರ ನೆನಪಾಗಬೇಕು. ನೆನಪಾದವನು ಒಂದು ರಾತ್ರಿಯ ನೆಲವನ್ನೂ ನೂರು ವರ್ಷದ ಮನೆಯನ್ನೂ ಒಂದೇ ವಿಧದಿಂದ ಬಳಸುವನು. ಬಂದಾಗ ಇದ್ದುದಕ್ಕಿಂತ ಕೆಡಿಸದೆ, ಮುಂದೆ ಬರುವವನಿಗೆ ಒಪ್ಪಿಸಿ ಹೋಗುವನು.